ಮುದ್ದಬ್ಬೆಯ ಹಾಡು ಕೇಳಿದ ಎರಡು ಭೂತಗಳು

ಬಹಳ ಹಿಂದೆ, ಬೆಟ್ಟಗಳು ಇನ್ನೂ ಕೂರಲು ಜಾಗ ಹುಡುಕುತ್ತ ಓಡಾಡುತ್ತಿದ್ದ ಕಾಲದಲ್ಲಿ, ಸೋನಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಇದ್ದಕ್ಕಿದ್ದಂತೆ ನೀರು ಕುಡಿದವರಲ್ಲಿ ಕೆಲವರು ಕುಡಿದಲ್ಲೇ ಕಲ್ಲಾಗತೊಡಗಿದರು. ಮುದ್ದಬ್ಬೆಯ ಅಣ್ಣ ಬೈರಣ್ಣನೂ ಚೊಂಬು ಎತ್ತಿದವನು ಹಾಗೇ ಕಲ್ಲಾದ. ಮೀಸೆಯೂ ಕಲ್ಲು! ಅದರ ಮೇಲೆ ಕೂತ ಗಿಳಿ ಕೊಕ್ಕು ಮಸೆದುಕೊಂಡು ಹೋಯಿತು.

"ಕುಂಬಾರಗೇರಿ ಬಾವಿಯದೇ ಮಾಟ. ಅದನ್ನು ಮುಚ್ಚಿ, ಕಲ್ಲಾದವರನ್ನು ಕೋಟೆಗೋಡೆಗೆ ಕಟ್ಟಿಬಿಡಿ" ಅಂದ ಮಾಂತ್ರಿಕ ಮಬ್ಬಯ್ಯ, ರಾಜನ ಸಭೆಯಲ್ಲಿ.

"ನಮ್ಮಣ್ಣನನ್ನು ಗೋಡೆಗಾ? ತಡೀರಿ ಮಹಾರಾಜರೇ, ಯಾವ ನೀರು ಅಂತ ನಾನು ತೋರಿಸ್ತೀನಿ!" ಅಂದಳು ಮುದ್ದಬ್ಬೆ.

ಆ ರಾಜ್ಯದಲ್ಲಿ ಒಂದು ಕಟ್ಟಳೆ. ಮಾಟ ಎಲ್ಲಿದೆ ಅಂತ ಎರಡು ಬೇರೆ ಬೇರೆ ಭೂತಗಳು ಸಭೆಯಲ್ಲಿ ಒಂದೇ ಉತ್ತರ ಕೊಟ್ಟರೆ ಮಾಟ ಒಡೆಯುತ್ತಿತ್ತು. ಮುದ್ದಬ್ಬೆಯ ಹಂಡೆಯಲ್ಲಿ ಒಂದು ಎಣಿಕೆಯ ಭೂತವಿತ್ತು. ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಭೂತ.

ಅವಳು ಮನೆಮನೆಗೆ ಹೋಗಿ ತಲೆಗೊಂದು ಹರಳು ತಂದಳು. ಕುಡಿದ ನೀರಿಗೆ ತಕ್ಕ ಬಣ್ಣ. ಕಲ್ಲಾದವರ ಹರಳಿಗೆ ಮಸಿ. ಬಣ್ಣ ತಿಳಿಯದೆ ಮಬ್ಬಾಗಿ ಕಂಡ ಹರಳನ್ನು ಕೈಯಾರೆ ಎಸೆದು, ಉಳಿದದ್ದನ್ನು ಭೂತದ ಕೈಲಿ ಎಣಿಸಿದಳು. "ತಾವರೆಕೊಳ!" ಅಂದಿತು ಭೂತ. ಅದು ಮಬ್ಬಯ್ಯನದೇ ಕೊಳ! ಹೊಸದಾಗಿ ಹರಳು ತಂದು ಸಭೆಯಲ್ಲಿ ಮತ್ತೆ ಎಣಿಸಿದರೆ "ಅರಮನೆ ಬಾವಿ" ಅಂದುಬಿಟ್ಟಿತು. ಮೊದಲ ಸಲ ಯಾವುದನ್ನು ಎಸೆದಿದ್ದಳೋ ಅವಳಿಗೇ ನೆನಪಿರಲಿಲ್ಲ.

"ಏನಮ್ಮ, ನಾಳೆ ಸಮುದ್ರ ಅಂತೀಯೋ?" ಮಬ್ಬಯ್ಯ ನಕ್ಕ.

ಮುದ್ದಬ್ಬೆ ಮನೆಮನೆಯಿಂದ ಎಲ್ಲ ಹರಳನ್ನೂ ಹೊಸದಾಗಿ ಕೂಡಿಸಿ ಕೋಣೆಗೆ ಬೀಗ ಹಾಕಿದಳು. "ಇದನ್ನು ನಾನೂ ಮುಟ್ಟಕೂಡದು" ಅಂದುಕೊಂಡಳು. ಅಂಥವೇ ನಕಲು ಹರಳು ಮಾಡಿಸಿ ಭೂತಕ್ಕೆ ಕೊಟ್ಟಳು. ಆದರೆ ಸಭೆಯಲ್ಲಿ ಬಾಯಿಗೆ ಬಂದ ಕ್ರಮದಲ್ಲಿ ಅಪ್ಪಣೆ ಕೊಟ್ಟಳು. "ಕುಂಬಾರಗೇರಿ" ಅಂದಿತು ಭೂತ.

"ಅಯ್ಯೋ ಪಾಪಿ!"

"ನನ್ನನ್ಯಾಕೆ ಬಯ್ತೀಯವ್ವ? ಬಣ್ಣ ಬೇರೆ ಮಾಡೋ ಮುಂಚೆ ಎಣಿಸು ಅಂದೆ, ಎಣಿಸಿದೆ. ಹಿಂದೆ ಎಣಿಸಿದ ಹಳೇ ಹರಳೂ ನನ್ನ ಹೊಟ್ಟೇಲೇ ಇದ್ದವು, ಅವನ್ನೂ ಸೇರಿಸಿದೆ."

ಅಷ್ಟರಲ್ಲಿ ಬೈರಣ್ಣನನ್ನು ಗೋಡೆಯ ಮೇಲಕ್ಕೆ ಎಳೆದಿದ್ದರು. ಗಾರೆ ಕಲಸುತ್ತಿದ್ದರು.

ಮುದ್ದಬ್ಬೆ ಎದೆಗುಂದಲಿಲ್ಲ. ಅಪ್ಪಣೆಗಳನ್ನೆಲ್ಲ ಸಾಲಾಗಿ ಹಾಡು ಕಟ್ಟಿದಳು:

ಹಿಂದಿನದೆಲ್ಲ ಮರೆತುಬಿಡು,
ಬೀಗದ ಹರಳಿಗೆ ನಕಲು ಮಾಡು,
ಮಬ್ಬಾದದ್ದು ಪಕ್ಕಕ್ಕಿಡು,
ಬಣ್ಣಕ್ಕೊಂದು ರಾಶಿ ಮಾಡು,
ಯಾವ ರಾಶೀಲಿ ಮಸಿ ಹೆಚ್ಚು? ಹೇಳಿಬಿಡು!

ಮನೆಯಲ್ಲಿ ಮೊದಲಿನಿಂದ ಹಾಡಿದಳು, ತಾವರೆಕೊಳ. ಮತ್ತೆ ಹಾಡಿದಳು, ತಾವರೆಕೊಳ. ಸಭೆಯಲ್ಲೂ ಅದೇ.

"ನಿನ್ನ ಭೂತ, ನೀನು ಕಲಿಸಿದ ಮಾತು" ಅಂದ ಮಬ್ಬಯ್ಯ.

"ಹಾಗಾದರೆ ನಿಮ್ಮ ಭೂತಾನೇ ಕರೀರಿ ಸ್ವಾಮಿ. ಹರಳಿನ ಕೋಣೆ ಬೀಗದಕೈ ಇಗೋ. ಹಾಡೂ ನೀವೇ ಹೇಳಿ. ಗಂಟಲು ಕಟ್ಟಿದೆಯೋ?"

ಸಭೆ ಗೊಳ್ಳೆಂದಿತು. ರೇಗಿದ ಮಬ್ಬಯ್ಯ ಹಾಡಿಯೇಬಿಟ್ಟ. ಅವನ ಭೂತ ಅಂತಿಂಥದ್ದಲ್ಲ, ತೇಗಿದರೆ ಮೂರು ಊರಿನ ಹೆಂಚು ಹಾರುತ್ತಿದ್ದವು! ಅದು ಸಾಲು ಸಾಲಾಗಿ ಕೆಲಸ ಮುಗಿಸಿ ತಲೆ ಕೆರೆದುಕೊಂಡಿತು.

"ಒಡೆಯಾ, ತಾವರೆಕೊಳ. ನಮ್ಮದೇ."

ಎರಡು ಭೂತಗಳದೂ ಒಂದೇ ಉತ್ತರ! ಮಾಟ ಒಡೆದು ಕೊಳ ಅಲ್ಲೇ ಗುಡುಗುಡು ಕುದಿದು ಆವಿಯಾಯಿತು. ಮಬ್ಬಯ್ಯನೂ ಹೊಗೆಯಾಗಿ ಅದರ ಹಿಂದೆ ಹೋದ. ಕಲ್ಲುಗಳೆಲ್ಲ ಆಕಳಿಸಿ ಮನುಷ್ಯರಾದವು.

"ಲೇ! ನನ್ನನ್ನು ಇಲ್ಲಿ ಹತ್ತಿಸಿದೋರು ಯಾರೋ?" ಗೋಡೆಯ ಮೇಲಿಂದ ಬೈರಣ್ಣ ಕೂಗಿದ.

ಮುದ್ದಬ್ಬೆ ಅಳುತ್ತಳುತ್ತಲೇ ನಕ್ಕು ಏಣಿ ತಂದಳು. ಸೋನಗಿರಿಯ ಜನ ಹೊಟ್ಟೆ ತುಂಬ ನೀರು ಕುಡಿದು ಸುಖವಾಗಿ ಬಾಳಿದರು.