ಐವತ್ತು ಹಲ್ಲು

"ಸತ್ತು ಕಲ್ಲಾಗಿದೆ ಮೇಡಂ," ಎಂದು ವ್ಯಾನ್ ಡ್ರೈವರ್ ಪ್ರಾಣಿಯನ್ನು ಅವಳ ಮೇಜಿನ ಮೇಲಿನ ಟ್ರೇಯಲ್ಲಿ ಮಲಗಿಸಿದ. "ರಸ್ತೆ ಬದೀಲಿ ಬಾಯಿ ಬಿಟ್ಕೊಂಡು ಬಿದ್ದಿತ್ತು. ವಾಸನೆ ಬೇರೆ."

ಅದು ಒಪಾಸಮ್, ಅಮೆರಿಕದ ಪ್ರಾಣಿ; ಯಾರೋ ಸಾಕಿದ್ದು ತಪ್ಪಿಸಿಕೊಂಡಿರಬೇಕು. ಬೆಕ್ಕಿನಷ್ಟು ಗಾತ್ರ, ಮರಿಗಳನ್ನು ಹೊಟ್ಟೆಯ ಚೀಲದಲ್ಲಿ ಹೊರುವ ಜಾತಿ. ದಾರಿಯಲ್ಲಿ ಸತ್ತ ಪ್ರಾಣಿಗಳನ್ನು ಮ್ಯೂಸಿಯಂಗೆ ತಂದುಕೊಡುವುದು ಅವನ ಕೆಲಸ. ಮಾಂಸ ಬಿಡಿಸಿ ತಲೆಬುರುಡೆ ತೊಳೆದು ಜೋಡಿಸುವುದು ಅವಳದು. ಅವಳು ಚಾಕು ಎತ್ತಿಕೊಂಡಳು. ಅವನು ಹಲ್ಲು ನೋಡೋಣವೆಂದು ತುಟಿ ಸರಿಸಿದ.

ಕಲ್ಲಾಗಿದ್ದದ್ದು ಕಚ್ಚಿತು.

ಹೆಬ್ಬೆರಳು ಬುಡದವರೆಗೂ ಬಾಯೊಳಗೆ. ಬಿಳಿ ಟ್ರೇಯ ತುಂಬ ರಕ್ತ. ಅವನು ಕೈ ಕಿತ್ತುಕೊಳ್ಳಲು ನೋಡಿದ.

"ಎಳೀಬೇಡಿ, ಹರಿಯುತ್ತೆ. ಒಳಕ್ಕೆ ತಳ್ಳಿ."

"ಒಳಕ್ಕಾ? ಪೂರ್ತಿ ತಿಂದು ಮುಗಿಸ್ಲಿ ಅಂತಾನಾ?"

"ತಳ್ಳಿದ್ರೆ ಅದೇ ಬಾಯಿ ತೆಗೆಯುತ್ತೆ." ಅವಳು ಟವೆಲಿನಿಂದ ಪ್ರಾಣಿಯ ಕಣ್ಣು ಮುಚ್ಚಿದಳು. "ಒಟ್ಟು ಐವತ್ತು ಹಲ್ಲು. ಎಣಿಸ್ತಾ ಇರಿ, ನೋವು ಮರೆಯುತ್ತೆ."

"ನಿಮ್ಮ ಮುಖ ನೋಡ್ಕೊಂಡು ಎಣಿಸ್ಲಾ? ಇನ್ನೂ ಬೇಗ ಮರೆಯುತ್ತೆ."

ಅವನು ಬೆರಳು ಒಳಕ್ಕೆ ತಳ್ಳಿದ. ಎಣಿಕೆ ಏಳಕ್ಕೆ ಬಂದಾಗ ಹಿಡಿತ ಬಿಟ್ಟಿತು. ಅಷ್ಟರಲ್ಲಿ ಅವಳ ಕಿವಿಯೂ ಟ್ರೇಯಷ್ಟೇ ಕೆಂಪಾಗಿತ್ತು.

ನಾಲ್ಕು ದಿನದ ಮೇಲೆ ಅವನು ಬ್ಯಾಂಡೇಜಿನ ಬೆರಳು ಹಿಡಿದುಕೊಂಡು ಬಂದ. ತನ್ನನ್ನು ಕಚ್ಚಿದ್ದರ ಒಳಗೇನಿದೆ ನೋಡಬೇಕಂತೆ. ಅವಳು ಕಪಾಟಿನಿಂದ ಒಂದು ಹಳೆಯ ಒಪಾಸಮ್ ಬುರುಡೆ ತೆಗೆದಳು.

"ನೆತ್ತಿ ಮೇಲೆ ಈ ಏಣು ಇದೆಯಲ್ಲ, ದವಡೆಯ ಸ್ನಾಯು ಹಿಡ್ಕೊಳ್ಳೋದು ಇದನ್ನೇ. ಮಿದುಳಿಗೆ ಇಷ್ಟೇ ಇಷ್ಟು ಜಾಗ."

"ನನ್ನ ಕುಟುಂಬದೋರೇ ಇರ್ಬೇಕು."

ಅವಳು ನಗು ತಡೆದುಕೊಂಡಳು. "ಕೆಳದವಡೆ ಎರಡು ತುಂಡು. ತೊಳೆದ್ರೆ ಬೇರೆಯಾಗಿಬಿಡುತ್ತೆ. ನಾನು ಅಂಟಿಸ್ತೀನಿ."

ಅವನ ನೋಟ ಅವಳ ಎಡದವಡೆಯ ಸೊಟ್ಟಗೆರೆಯ ಮೇಲೆ ನಿಂತಿತು. ಕೈ ತಾನಾಗಿ ಮೇಲೆದ್ದಿತು. ಅವಳು ಹಿಂದಕ್ಕೆ ಹಾರಿದ ರಭಸಕ್ಕೆ ಕುರ್ಚಿ ಉರುಳಿತು.

"ತಪ್ಪಾಯ್ತು," ಎಂದ ಅವನು.

"ನಿಮ್ಮದಲ್ಲ. ಮುಖದ ಹತ್ರ ಕೈ ಬಂದ್ರೆ ಹೀಗೇ ನಾನು. ಈ ದವಡೆ ಮುರಿದೋನು ಗಂಡ. ಬಿಟ್ಟು ಬಂದು ಎರಡು ವರ್ಷ ಆಯ್ತು. ಒದೆಯುವಾಗ ಸುಮ್ನೆ ಬಿದ್ದಿರ್ತಿದ್ದೆ. ಯಾಕೆ ತಿರುಗಿ ಹೊಡೀಲಿಲ್ಲ ಅಂತ ಅಮ್ಮ ಇವತ್ತಿಗೂ ಕೇಳ್ತಾಳೆ."

ಮೂಲೆಯ ಗೂಡಿನಲ್ಲಿ ಒಪಾಸಮ್ ಸುಧಾರಿಸಿಕೊಳ್ಳುತ್ತಿತ್ತು. "ಅದೂ ಸತ್ತ ಹಾಗೆ ನಾಟಕ ಆಡ್ತು, ಅಲ್ವಾ?" ಎಂದ ಅವನು.

"ನಾಟಕ ಅಲ್ಲ. ಹೆದರಿದ್ರೆ ಮೈ ತಾನಾಗೇ ಹಾಗಾಗುತ್ತೆ."

"ಮತ್ತೆ ಅಮ್ಮನಿಗೆ ಅದನ್ನೇ ಹೇಳಿ," ಎಂದು ಅವನು ಕುರ್ಚಿ ಎತ್ತಿ ನಿಲ್ಲಿಸಿದ.

ಮರುವಾರ ಹಿಂಬಾಗಿಲಿನಿಂದ ಒಳಗೆ ಬಂದವನು ಗಂಡ.

"ಎಲುಬು ತೊಳ್ಕೊಂಡು ಕೂತಿದ್ದೀಯೇನೇ? ನಡಿ ಮನೆಗೆ."

ಅವನು ಕೂದಲು ಹಿಡಿದು ಅವಳ ತಲೆಯನ್ನು ಕಪಾಟಿಗೆ ಗುದ್ದಿದ. ಬುರುಡೆಗಳು ಉರುಳಿ ಒಡೆದವು. ಹೊಟ್ಟೆಗೆ ಮೊಣಕಾಲು ಬಿತ್ತು. ಆ ಹಳೆಯ ತಣುಪು ಬೆರಳ ತುದಿಯಿಂದ ಏರತೊಡಗಿತು. ಮೈ ಸಾಯಲು ಸಿದ್ಧವಾಗುತ್ತಿತ್ತು. ಕೂಗದಂತೆ ಅವನು ಅಂಗೈಯಿಂದ ಅವಳ ಬಾಯಿ ಒತ್ತಿದ.

ಈ ಸಲ ಅವಳು ಮುಖ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮುಂದಕ್ಕೆ ತಳ್ಳಿದಳು. ತಳ್ಳಿ, ಕಚ್ಚಿದಳು.

ಚರ್ಮ ಕಿತ್ತುಬಂತು. ಹಲ್ಲಿಗೆ ನರ ಸಿಕ್ಕಿತು. ಬಿಸಿ ರಕ್ತ ಗಂಟಲಿಗೆ ಇಳಿಯಿತು. ಅವನು ಇನ್ನೊಂದು ಕೈಯಿಂದ ಅವಳ ಕಿವಿಯ ಮೇಲೆ ಗುದ್ದಿದ, ಮತ್ತೆ ಗುದ್ದಿದ. ಅವಳು ಬಿಡಲಿಲ್ಲ.

ಸದ್ದು ಕೇಳಿ ಓಡಿ ಬಂದ ಡ್ರೈವರ್ ಆ ಗುದ್ದುವ ಕೈಯನ್ನು ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ. ಭುಜ ಲಟಕ್ಕೆಂದಿತು.

"ಕೈ ಎಳೀಬೇಡಿ ಅಣ್ಣ, ಹರಿಯುತ್ತೆ," ಎಂದ, ಶಾಂತವಾಗಿ. "ನನಗೆ ಅನುಭವ ಇದೆ."

ಸಾಕೆನಿಸಿದಾಗ ಅವಳೇ ಬಿಟ್ಟಳು. ಗಂಡನನ್ನು ವಾಚ್‌ಮ್ಯಾನ್ ಎಳೆದೊಯ್ದ. ಪೊಲೀಸರು ಬಂದು ಹೋದರು. ಡ್ರೈವರ್ ಟವೆಲ್ ಒದ್ದೆ ಮಾಡಿ ತಂದ, ಆದರೆ ಅವಳಿಂದ ಒಂದು ಮಾರು ದೂರದಲ್ಲೇ ನಿಂತ.

"ಹೆದರಿಕೆ ಆಯ್ತಾ ನನ್ನ ಕಂಡ್ರೆ?"

"ಐವತ್ತು ಹಲ್ಲಿಗೇ ಹೆದರಲಿಲ್ಲ. ಮೂವತ್ತೆರಡಕ್ಕೆ ಹೆದರ್ತೀನಾ?"

"ಇಪ್ಪತ್ತೊಂಬತ್ತು. ಮೂರು ಅವನೇ ಉದುರಿಸಿದ."

"ಹಾಗಾದ್ರೆ ಇನ್ನೂ ಧೈರ್ಯ."

ಅವಳು ನಕ್ಕಳು. ಒಡೆದ ತುಟಿ ಉರಿಯಿತು, ದವಡೆ ನೊಂದಿತು, ಆದರೂ ನಕ್ಕಳು. ಅವನ ಕೈ ಅರ್ಧಕ್ಕೆ ಬಂದು ಗಾಳಿಯಲ್ಲೇ ಕಾಯುತ್ತಿತ್ತು.

ಉಳಿದರ್ಧ ಅವಳು ಬಂದಳು. ಸೊಟ್ಟಗೆರೆಯನ್ನು ಆ ಬ್ಯಾಂಡೇಜಿನ ಬೆರಳಿಗೆ ಆನಿಸಿ, ಮುಖವನ್ನು ಮೆಲ್ಲನೆ ಅವನ ಅಂಗೈಯ ಒಳಕ್ಕೆ ತಳ್ಳಿದಳು.