ಸಂತ ಅಗಾತಾಳ ಕೆನ್ನೆ

ಸಿಯೆನಾದ ಮ್ಯೂಸಿಯಮ್ಮಿನಲ್ಲಿ ಹಳೆಯ ಚಿತ್ರವೊಂದರ ಸಂತ ಅಗಾತಾಳ ಮುಖಕ್ಕೆ ಹಿಡಿದಿದ್ದ ಮೇಣದಬತ್ತಿಯ ಮಸಿಯನ್ನು ವರ್ಷಗಟ್ಟಲೆ ಕೂತು ತೆಗೆದವಳು ಎರ್ಸಿಲಿಯಾ. ಟೀವಿಯಲ್ಲಿ ಕೂತು ‘ಆಕೆಗೆ ನಾನೇ ಜೀವ ಕೊಟ್ಟೆ’ ಎಂದವನು ಡೈರೆಕ್ಟರ್ ತಾರೂಜಿ. ಇಬ್ಬರೂ ಹಳೆಯ ಚಿತ್ರಗಳ ದುರಸ್ತಿಯನ್ನು ಒಂದೇ ಶಾಲೆಯಲ್ಲಿ ಕಲಿತವರು. ಅವನು ಬೇಗನೆ ಕುಂಚ ಬಿಟ್ಟು ಕುರ್ಚಿ ಹಿಡಿದ. ಚಿತ್ರದ ಕೆಳಗೆ ತನ್ನ ಹೆಸರೂ ಇರಲಿ ಎಂದು ಅವಳು ಕೇಳಲು ಹೋದರೆ ಎಲ್ಲರೆದುರೇ ನಕ್ಕ.

“ಪಾತ್ರೆ ತೊಳೆದೋಳ ಹೆಸರನ್ನ ಯಾರಾದ್ರೂ ಊಟದ ಮೇಜಿನ ಮೇಲೆ ಬರೀತಾರೇನಮ್ಮ?”

ಅವನ ಹೆಸರೇ ಮಣ್ಣುಪಾಲಾಗಬೇಕು ಎಂದು ಅವಳು ಅಂದೇ ನಿಶ್ಚಯಿಸಿದಳು.

ಧೂಳು ಒರೆಸಲು ಚಿತ್ರ ಅವಳ ಕೋಣೆಗೇ ಬರುತ್ತಿತ್ತು. ಈ ಸಲ ವಾಪಸು ಹೋದದ್ದು ಅವಳೇ ಬರೆದ ನಕಲು. ಹಳೆಯ ಚರ್ಚಿನ ಕಪಾಟಿನ ಹಲಗೆ, ಹುಳು ಕೊರೆದ ತೂತು, ಸವೆದ ಚಿನ್ನದ ರೇಕು, ಎಲ್ಲವೂ ಅಸಲಿನ ಪಡಿಯಚ್ಚು. ಅಸಲು ಸದ್ಯಕ್ಕೆ ಅವಳ ಮಂಚದ ಕೆಳಗಿತ್ತು. ದ್ರಾಕ್ಷಿ ಕೊಯ್ಲಿಗೆ ತಾರೂಜಿ ಪ್ರತಿವರ್ಷ ಸಿಬ್ಬಂದಿಯನ್ನೆಲ್ಲ ತನ್ನ ತೋಟಕ್ಕೆ ಬಿಟ್ಟಿ ದುಡಿಸಲು ಕರೆಯುತ್ತಾನೆ. ಈ ವರ್ಷ ಆಗ ಅಸಲು ಅವನ ವೈನ್ ಪೀಪಾಯಿಗಳ ಹಿಂದೆ ಸೇರುತ್ತದೆ. ಆಮೇಲೆ ಪೊಲೀಸರಿಗೆ ಹೆಸರು ಹೇಳದೆ ಒಂದು ಫೋನ್. ಕಳ್ಳನನ್ನು ಅವನ ಬಾಯೇ ಹಿಡಿದುಕೊಡುತ್ತದೆ: ಗೋಡೆಯ ಮೇಲಿನ ನಕಲನ್ನು ಅಸಲು ಎಂದು ಊರಿಗೆಲ್ಲ ಸಾರಿದವನು ಅವನೇ ತಾನೇ?

ಪ್ರದರ್ಶನದ ದಿನ ಮೇಯರ್ ಬಂದರು, ಕ್ಯಾಮೆರಾ ಬಂತು. “ನೋಡಿ ಈ ಕೆನ್ನೆ! ಇದರ ಗುಟ್ಟು ನಂಗೊಬ್ಬನಿಗೇ ಗೊತ್ತು,” ಎಂದ ತಾರೂಜಿ.

ಹೇಳು, ಇನ್ನೂ ಹೇಳು ಎಂದುಕೊಂಡಳು ಎರ್ಸಿಲಿಯಾ. ಅಷ್ಟು ಸುಖವನ್ನು ಅವಳು ಆ ಕಟ್ಟಡದಲ್ಲಿ ಎಂದೂ ಉಂಡಿರಲಿಲ್ಲ.

ಅವನು ಚಿತ್ರದ ಹತ್ತಿರ ಬಗ್ಗಿದ. “ಥೂ, ನೊಣ ಹೇತಿದ್ಯಲ್ಲೇ! ಇಷ್ಟೂ ಕಾಣ್ಲಿಲ್ವಾ ನಿಂಗೆ?” ಎನ್ನುತ್ತ ಜೇಬಿನಿಂದ ಕರವಸ್ತ್ರ ಎಳೆದ.

ಅದರ ತುದಿಯನ್ನು ನಾಲಿಗೆಗೆ ತಾಗಿಸಿ ಕೆನ್ನೆಯನ್ನು ಮೆಲ್ಲಗೆ ಒರೆಸಿದ. ಈ ಕಸುಬಿನವರೆಲ್ಲ ಹಾಗೇ ಮಾಡುವುದು. ಮೊಟ್ಟೆಯಲ್ಲಿ ಕಲಸಿದ ಹಳೆಯ ಬಣ್ಣ ಎಂಜಲಿಗೆ ಜಗ್ಗುವುದಿಲ್ಲ; ಅಸಲಿನ ಕೆನ್ನೆಯಲ್ಲಿ ಇದ್ದದ್ದು ಅದೊಂದೇ. ಆದರೆ ನೊಣದ ಕಲೆಯ ಜೊತೆಗೆ ಸಂತಳ ಕೆನ್ನೆಯೂ ಕರವಸ್ತ್ರಕ್ಕೆ ಬಂತು. ದುರಸ್ತಿಯವರು ಹಚ್ಚಿದ ಬಣ್ಣ ಮುಂದೆ ಬರುವವರು ನೀರಿನಲ್ಲೇ ಅಳಿಸುವಂತಿರಬೇಕು ಎಂಬುದು ಶಾಲೆಯ ಮೊದಲ ಪಾಠ. ಜೀವಮಾನವೆಲ್ಲ ಅಂಥ ಬಣ್ಣವನ್ನೇ ಹಚ್ಚಿದ ಅವಳ ಕೈ ನಕಲು ಬರೆಯುವಾಗಲೂ ಅದೇ ಡಬ್ಬಿಗೆ ಹೋಗಿತ್ತು. ಅಸಲಿನಂತೆ ಮಂಕಾಗಿರಲೆಂದು ಮೇಲೆ ವಾರ್ನಿಷನ್ನೂ ಬಳಿದಿರಲಿಲ್ಲ. ತಾರೂಜಿ ಗುಲಾಬಿ ಕಲೆಯನ್ನು ನೋಡಿದ, ನಿಧಾನವಾಗಿ ಅವಳತ್ತ ತಿರುಗಿದ. “ಇದು ನಿನ್ನ ಡಬ್ಬಿ ಬಣ್ಣ ಕಣೇ. ಅಸಲು ಎಲ್ಲಿದೆ ಅಂತ ನೀನೇ ಹೇಳ್ತೀಯೋ, ಮನೆ ಹುಡುಕಿಸ್ಲೋ?”