ಹನ್ನೊಂದನೇ ನಿಮಿಷ

ಮಾರ್ಚ್ ನಾಲ್ಕು, ಮಂಗಳವಾರ, ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ದೂರುದಾರರು ಬಾಯಿ ಬಿಡುವ ಮೊದಲೇ ಕೈಚೀಲದಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟರು. ಒಳಗೆ ಹತ್ತಿಯಲ್ಲಿ ಸುತ್ತಿದ ಎರಡು ಲೋಹದ ತುಂಡುಗಳಿದ್ದವು. ಒಂದು ಬಾಗಿದ ಚಿಪ್ಪು, ಇನ್ನೊಂದು ಗಿಡ್ಡ ಮೊಳೆಯಿದ್ದ ಚಪ್ಪಟೆ ತಟ್ಟೆ.

"ಏನ್ರೀ ಇದು?"

"ನನ್ನ ಹೆಂಡ್ತಿ ಮಂಡಿ ಸರ್."

ಇಣುಕಿ ನೋಡುತ್ತಿದ್ದ ಹೆಡ್ ಕಾನ್ಸ್‌ಟೇಬಲ್ ಕುತ್ತಿಗೆ ಹಿಂದಕ್ಕೆಳೆದುಕೊಂಡ. ಗಾರೆ ಕೆಲಸದವನ ಮಗನಾದ ಅವನನ್ನು ಠಾಣೆಯಲ್ಲಿ ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಳ್ಳರ ಎದುರು ಹುಲಿ, ರಕ್ತದ ಮಾತು ಬಂದರೆ ಇಲಿ.

ದೂರುದಾರರು ನಿವೃತ್ತ ಬಸ್ ಚಾಲಕರು. ಹೆಂಡತಿ ದರ್ಜಿ, ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವರು. ಹದಿನಾಲ್ಕು ತಿಂಗಳ ಹಿಂದೆ ಊರಿನ ಆಸ್ಪತ್ರೆಯೊಂದರಲ್ಲಿ ಆಕೆಯ ಬಲ ಮಂಡಿ ತೆಗೆದು ಲೋಹದ ಮಂಡಿ ಹಾಕಿದ್ದರು. ಆರು ತಿಂಗಳಿಗೆ ನೋವು ಶುರುವಾಯಿತು. ವಯಸ್ಸು, ತಾಳ್ಮೆ, ವ್ಯಾಯಾಮ ಎಂದು ಆಸ್ಪತ್ರೆಯವರು ಇಂದು ನಾಳೆ ಎನ್ನುತ್ತಾ ದಿನ ದೂಡಿದರು. ಕಳೆದ ತಿಂಗಳು ಮತ್ತೆ ಕೊಯ್ದು ನೋಡಿದರೆ ಲೋಹ ಸಡಿಲವಾಗಿತ್ತು.

"ಕೈ ಹಾಕಿದ್ರೆ ಎದ್ದು ಬಂತಂತೆ, ಡಬ್ಬಿ ಮುಚ್ಚಳ ತೆಗೆದ ಹಾಗೆ."

"ಇದನ್ನ ನಿಮಗೆ ಯಾರು ಕೊಟ್ಟಿದ್ದು?"

"ಆಪರೇಶನ್ ಥಿಯೇಟರ್‌ನಲ್ಲಿ ಕೆಲಸ ಮಾಡೋರು ಒಬ್ರು. ನಾವೇನೂ ಕೇಳಿರ್ಲಿಲ್ಲ. ಅವರೇ ತೊಳೆದು, ಹತ್ತೀಲಿ ಸುತ್ತಿ, ಇಟ್ಕೊಳ್ಳಿ ಬೇಕಾಗತ್ತೆ ಅಂದ್ರು."

ಇನ್ಸ್‌ಪೆಕ್ಟರ್ ಆ ಮಾತನ್ನು ಬರೆದುಕೊಂಡರು, ಬರೆದು ಮರೆತರು. ಅಂದೇ ಆ ಎಳೆ ಹಿಡಿದಿದ್ದರೆ ಎರಡು ವಾರ ಉಳಿಯುತ್ತಿತ್ತು.

ವೈದ್ಯರ ಮೇಲಿನ ದೂರಿಗೆ ತಜ್ಞರ ಅಭಿಪ್ರಾಯವಿಲ್ಲದೆ ಎಫ್‌ಐಆರ್ ಹಾಕುವಂತಿರಲಿಲ್ಲ. ಮಾರ್ಚ್ ಏಳರಂದು ಇನ್ಸ್‌ಪೆಕ್ಟರ್ ಡಬ್ಬಿ ಸಮೇತ ವೈದ್ಯಕೀಯ ಕಾಲೇಜಿನ ಮೂಳೆ ವಿಭಾಗದ ಪ್ರೊಫೆಸರ್ ಬಳಿ ಹೋದರು. ಪ್ರೊಫೆಸರ್ ತಟ್ಟೆಯನ್ನು ಮಗುಚಿ, ದೀಪದ ಕೆಳಗೆ ಬಹಳ ಹೊತ್ತು ನೋಡಿದರು.

"ಲೋಹ ಮೂಳೆಗೆ ತಾನಾಗೇ ಅಂಟಲ್ಲ. ಎರಡು ದಾರಿ ಇದೆ. ಒಂದು, ಲೋಹದ ಮೈ ಒರಟಾಗಿರತ್ತೆ, ಮೂಳೆ ತಿಂಗಳಾನುಗಟ್ಟಲೆ ಅದರೊಳಗೆ ಬೆಳ್ಕೊಳ್ಳತ್ತೆ. ಅದಕ್ಕೆ ಮೂಳೆ ಗಟ್ಟಿ ಇರಬೇಕು. ಈಯಮ್ಮಂದು ಮೆತ್ತಗಿತ್ತು, ಅದಕ್ಕೆ ಸಿಮೆಂಟ್ ಹಾಕಿದ್ದಾರೆ."

"ಅದು ಗೋಂದಿನ ಥರಾನಾ?"

"ಅಲ್ಲ. ಅದು ಅಂಟಲ್ಲ, ಕಚ್ಚತ್ತೆ. ಪುಡಿಗೆ ದ್ರಾವಣ ಹಾಕಿ ಕಲಸಿ, ಹಿಟ್ಟಿನ ಹದ ಬಂದಾಗ ಒತ್ತಿದ್ರೆ ಮೂಳೆಯ ತೂತುಗಳ ಒಳಗೆ ಇಳಿಯತ್ತೆ. ಆಮೇಲೆ ಬಿಸಿಯಾಗಿ ಕಲ್ಲಾಗತ್ತೆ. ಅಲ್ಲೀವರೆಗೂ ಕಾಲು ಕೂದಲೆಳೆಯಷ್ಟೂ ಅಲುಗಬಾರದು."

"ಅಲುಗಿದ್ರೆ?"

"ಲೋಹಕ್ಕೂ ಸಿಮೆಂಟಿಗೂ ಮಧ್ಯೆ ಸಂದು ಬೀಳತ್ತೆ. ಹೊರಗೆ ಗೊತ್ತಾಗಲ್ಲ. ಆಮೇಲೆ ಹೆಜ್ಜೆ ಹೆಜ್ಜೆಗೂ ಅಷ್ಟಷ್ಟೇ ಅಲ್ಲಾಡ್ತಾ ಮೂಳೆನ ತಿಂದು ಹಾಕತ್ತೆ." ತಟ್ಟೆಯ ಅಡಿ ತೋರಿಸಿದರು. ಒಂದು ಚೂರು ಸಿಮೆಂಟೂ ಅಂಟಿಕೊಂಡಿರಲಿಲ್ಲ. "ಬೇಗ ಅಲ್ಲಾಡಿಸಿದ್ದಾರೆ."

"ಇನ್ನೊಂದು ಸಲ ಹಾಕೋಕಾಗಲ್ವಾ?"

"ಯಾವುದಕ್ಕೆ ಹಾಕೋದು? ಹಿಡ್ಕೊಳ್ಳೋಕೆ ಮೂಳೆ ಉಳಿದಿಲ್ಲ. ಕಾಲನ್ನ ನೆಟ್ಟಗೆ ಶಾಶ್ವತವಾಗಿ ಬೆಸೀಬೇಕು. ಮಡಚೋಕಾಗಲ್ಲ."

ಅಂದು ಸಂಜೆ 5.40ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಅಂಕಣದಲ್ಲಿ 'ತಿಳಿದುಬಂದಿಲ್ಲ' ಎಂದಿತ್ತು.

ಆಸ್ಪತ್ರೆಯಿಂದ ಮೂರು ವರ್ಷದ ಥಿಯೇಟರ್ ರಿಜಿಸ್ಟರುಗಳನ್ನು ಜಪ್ತಿ ಮಾಡಿ ತಂದರು. ಪ್ರತಿ ಶಸ್ತ್ರಚಿಕಿತ್ಸೆಗೂ ಕೋಣೆಯ ಉಷ್ಣತೆ, ಸಿಮೆಂಟ್ ಕಲಸಿದ ಸಮಯ, ಗಟ್ಟಿಯಾದ ಸಮಯ. ಮೇಸ್ತ್ರಿ ಎರಡು ದಿನ ಅದರಲ್ಲೇ ಮುಳುಗಿದ್ದು ಮೂರನೆಯ ದಿನ ಎದ್ದು ಬಂದ.

"ಸರ್, ಇದ್ರಲ್ಲಿ ಏನೋ ಗೋಲ್‌ಮಾಲ್ ಇದೆ. ಹಳೇ ಪುಟಗಳಲ್ಲಿ ಸಿಮೆಂಟು ಗಟ್ಟಿಯಾಗೋಕೆ ಒಂದಿನ ಹತ್ತು ನಿಮಿಷ, ಒಂದಿನ ಹದಿಮೂರು. ಹೋದ ವರ್ಷ ಅಲ್ಲ, ಅದರ ಹಿಂದಿನ ವರ್ಷದ ಜೂನ್‌ನಿಂದ ಈಚೆ ನೋಡಿ, ಎಲ್ಲಾ ಹನ್ನೊಂದು."

"ಕೈ ಪಳಗಿರ್ಬೇಕು."

"ಅದು ಹೇಗೆ ಸರ್? ಅದೇ ವರ್ಷ ನವೆಂಬರ್‌ನಲ್ಲಿ ಹೊಸ ಎಸಿ ಹಾಕಿದ್ದಾರೆ, ಇಪ್ಪತ್ಮೂರು ಡಿಗ್ರಿ ಇದ್ದ ರೂಮು ಹದಿನೇಳಕ್ಕೆ ಇಳಿದಿದೆ. ಚಳಿ ಆದ್ರೆ ಸಿಮೆಂಟು ಸೋಮಾರಿ ಆಗತ್ತೆ. ನಮ್ಮಪ್ಪನ ಗಾರೇನೇ ಬಿಸಿಲಿಗೊಂದು ಥರ, ಚಳಿಗೊಂದು ಥರ. ಇದೊಂದು ಮಾತ್ರ ಹನ್ನೊಂದಕ್ಕೇ ನಿಂತಿದೆ ಅಂದ್ರೆ ಯಾರೋ ಸಿಮೆಂಟ್ ನೋಡ್ತಿಲ್ಲ, ಗಡಿಯಾರ ನೋಡ್ತಿದ್ದಾರೆ."

ಪ್ರೊಫೆಸರಿಗೆ ಫೋನ್ ಮಾಡಿದರು. ಹದಿನೇಳು ಡಿಗ್ರಿಗೆ ಕನಿಷ್ಠ ಹದಿನೈದು ನಿಮಿಷ ಬೇಕೆಂದು ಅವರೂ ಹೇಳಿದರು. ಆ ಎಸಿ ಬಂದ ಮೇಲೆ ನೂರ ಹನ್ನೆರಡು ಮಂಡಿ ಹಾಕಿದ್ದರು. ಮೇಸ್ತ್ರಿ ಮನೆ ಮನೆ ಅಲೆದು ಪಟ್ಟಿ ಮಾಡಿದ. ಹತ್ತೊಂಬತ್ತು ಸಡಿಲವಾಗಿದ್ದವು.

ಮುಖ್ಯ ಶಸ್ತ್ರಚಿಕಿತ್ಸಕರು ಮೊದಲು ಸಿಡುಕಿದರು, ಆಮೇಲೆ ಕುಳಿತರು. "ಸಿಮೆಂಟ್ ಕಲಸೋನನ್ನ ಸಿಮೆಂಟಣ್ಣ ಅಂತೀವಿ, ಮಿಕ್ಕ ಉಂಡೆ ಅವನ ಕೈಯಲ್ಲಿರತ್ತೆ. ಅದು ಬಿಸಿಯಾಗಿ ಗಟ್ಟಿಯಾದ್ರೆ ಒಳಗಿಂದೂ ಆಗಿದೆ ಅಂತ ಲೆಕ್ಕ. ನಾನು ಆಯ್ತಾ ಅಂತೀನಿ, ಅವನು ಆಯ್ತು ಅಂತಾನೆ. ಆಮೇಲೇ ನಾನು ಕಾಲು ಬಿಡೋದು. ಇಪ್ಪತ್ತಾರು ವರ್ಷದಿಂದ ಅವನ ಮಾತೇ ವೇದವಾಕ್ಯ."

"ನೀವು ಮುಟ್ಟಿ ನೋಡಲ್ವಾ?"

ವೈದ್ಯರು ಉತ್ತರಿಸಲಿಲ್ಲ. ಇನ್ಸ್‌ಪೆಕ್ಟರಿಗೆ ಆ ಮೌನದ ಮೇಲೆ ಕೋಪ ಬಂತು, ಆದರೆ ಮೌನಕ್ಕೆ ಕಲಮು ಹಾಕಲು ಬರುವುದಿಲ್ಲ.

ಸಿಮೆಂಟಣ್ಣ ಥಿಯೇಟರ್ ತಂತ್ರಜ್ಞ. ಐವತ್ತೆರಡರ ಮಿತಭಾಷಿ. ಮಾರ್ಚ್ ಹತ್ತೊಂಬತ್ತರಂದು ಬೆಳಿಗ್ಗೆ 11.30ಕ್ಕೆ ಅದೇ ಥಿಯೇಟರಿನಲ್ಲಿ, ಹದಿನೇಳು ಡಿಗ್ರಿಯಲ್ಲಿ, ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಪ್ರೊಫೆಸರ್ ಸಿಮೆಂಟ್ ಕಲಸಿ ಸಿಮೆಂಟಣ್ಣನಿಗೆ ಒಂದು, ಮೇಸ್ತ್ರಿಗೆ ಒಂದು ಉಂಡೆ ಕೊಟ್ಟರು. ಇಬ್ಬರ ಕೈಗೂ ಗ್ಲೌಸ್. ಗೋಡೆಯ ಗಡಿಯಾರವನ್ನು ಇನ್ಸ್‌ಪೆಕ್ಟರ್ ಮೊದಲೇ ಇಳಿಸಿಟ್ಟಿದ್ದರು.

ಸಿಮೆಂಟಣ್ಣ ಅಭ್ಯಾಸಬಲದಿಂದ ತಲೆಯೆತ್ತಿದ. ಗೋಡೆಯ ಮೇಲೆ ಬರೀ ಮೊಳೆಯಿತ್ತು. ಆಮೇಲೆ ಅವನು ಅದನ್ನು ಬಿಟ್ಟು ಬೇರೆಲ್ಲೂ ನೋಡಲಿಲ್ಲ.

"ಆಯ್ತು ಸರ್," ಎಂದ ಕೊನೆಗೆ. ಪ್ರೊಫೆಸರ್ ಕೈಯ ಗಡಿಯಾರದಲ್ಲಿ ಎಂಟು ನಿಮಿಷ ನಲವತ್ತು ಸೆಕೆಂಡ್.

"ಎಲ್ಲಿ ಆಯ್ತು? ಇನ್ನೂ ಹಿಟ್ಟಿನ ಹಾಗಿದೆಯಲ್ಲಾ," ಎಂದ ಮೇಸ್ತ್ರಿ ತನ್ನ ಉಂಡೆ ಹಿಚುಕುತ್ತಾ.

ಹದಿನಾಲ್ಕನೇ ನಿಮಿಷಕ್ಕೆ ಮೇಸ್ತ್ರಿ ಉಂಡೆಯನ್ನು ಆ ಕೈಯಿಂದ ಈ ಕೈಗೆ ಹಾಕತೊಡಗಿದ. ಹದಿನೈದಕ್ಕೆ "ಅಯ್ಯಪ್ಪಾ" ಎಂದು ತಟ್ಟೆಗೆ ಎಸೆದ. ಸಿಮೆಂಟಣ್ಣನ ಮುಷ್ಟಿ ಮುಚ್ಚಿಯೇ ಇತ್ತು.

"ನಿನಗೆ ಬಿಸಿ ಹತ್ತಲ್ವಾ?" ಇನ್ಸ್‌ಪೆಕ್ಟರ್ ಕೇಳಿದರು.

ಅವನು ಮೇಸ್ತ್ರಿಯ ಕೈ ನೋಡಿದ. "ಹತ್ತತ್ತೆ ಸರ್."

"ಕೈ ಬಿಡಿಸು."

ಗ್ಲೌಸ್ ತೆಗೆದಾಗ ಅಂಗೈ ಕೆಂಪಾಗಿತ್ತು.

ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ವಿಚಾರಣೆ ನಡೆಯಿತು.

"ಯಾವಾಗಿಂದ?"

"ಮೂರು ವರ್ಷ ಆಗ್ತಾ ಬಂತು. ಮೊದ್ಲು ಬೆರಳ ತುದಿ ಜೋಮು ಹಿಡೀತಿತ್ತು. ಆ ದ್ರಾವಣ ಗ್ಲೌಸ್ ದಾಟ್ಕೊಂಡು ಬರತ್ತೆ ಸರ್. ಆಮೇಲೆ ಕೈಯೇ ಸತ್ತೋಯ್ತು."

"ಅದಕ್ಕೆ ಗಡಿಯಾರ."

"ಹೌದು. ಹನ್ನೊಂದು ಇಟ್ಕೊಂಡೆ. ಹಳೇ ಎಸೀಲಿ ಸರಿಹೋಗ್ತಿತ್ತು."

"ಸಡಿಲ ಆಗಿರೋದು ಗೊತ್ತಿತ್ತಾ?"

"ಹೊರಗೆ ತೆಗೆದ ತಟ್ಟೆಗಳನ್ನ ತೊಳೀತಿದ್ದೋನೇ ನಾನು. ಅಡಿ ಕನ್ನಡಿ ಥರ ಇರ್ತಿತ್ತು. ಎರಡನೇದು ಬಂದಾಗ್ಲೇ ಗೊತ್ತಾಯ್ತು."

"ಆಮೇಲೂ ಹದಿನೇಳು ಜನರದ್ದು ಸಡಿಲ ಆಯ್ತು. ಯಾಕೆ ಬಾಯಿ ಬಿಡ್ಲಿಲ್ಲ?"

ಅವನು ಕೆಂಪಾದ ಅಂಗೈಯನ್ನು ಮಗುಚಿ ನೋಡಿಕೊಂಡ. "ಅಷ್ಟು ದೊಡ್ಡ ಡಾಕ್ಟ್ರು ಕಾಲು ಹಿಡ್ಕೊಂಡು ನಿಂತಿರ್ತಾರೆ ಸರ್. ನರ್ಸ್‌ಗಳೆಲ್ಲ ಉಸಿರು ಬಿಗಿ ಹಿಡಿದು ನನ್ನ ಮುಖ ನೋಡ್ತಿರ್ತಾರೆ. ನಾನು ಹೇಳೋವರೆಗೂ ಒಬ್ರೂ ಅಲುಗಲ್ಲ. ಮನೇಲೂ ನನ್ನ ಮಾತಿಗೆ ಯಾರೂ ಹಾಗೆ ಕಾದಿಲ್ಲ. ಕೈ ಹೋಗಿದೆ ಅಂದಿದ್ರೆ ಬಟ್ಟೆ ಒಗೆಯೋ ಕಡೆ ಹಾಕ್ತಿದ್ರು."

"ಮತ್ತೆ ಆ ಡಬ್ಬಿ ಯಾಕೆ ಕೊಟ್ಟೆ?"

"ನನಗೆ ಹೇಳೋ ಧೈರ್ಯ ಇರ್ಲಿಲ್ಲ."

ಮಧ್ಯಾಹ್ನ 1.15ಕ್ಕೆ ಬಂಧನ ದಾಖಲಾಯಿತು. ಠಾಣೆಗೆ ಮರಳುವ ದಾರಿಯಲ್ಲಿ ಇನ್ಸ್‌ಪೆಕ್ಟರ್ ಜೀಪನ್ನು ದರ್ಜಿಯ ಮನೆಯ ಮುಂದೆ ನಿಲ್ಲಿಸಿ ಒಬ್ಬರೇ ಒಳಗೆ ಹೋದರು. ದರ್ಜಿ ಕಾಲು ನೀಡಿಕೊಂಡು ಯಂತ್ರಕ್ಕೆ ಬಟ್ಟೆ ತಳ್ಳುತ್ತಿದ್ದರು, ಪಕ್ಕದಲ್ಲಿ ಗಂಡ ಪೆಡಲ್ ತುಳಿಯುತ್ತಿದ್ದರು. ಹೊಲಿಗೆ ಅಂಕುಡೊಂಕಾಗಿತ್ತು.

"ಬಸ್ಸಿನ ಬ್ರೇಕ್ ಒತ್ತಿದ ಹಾಗೆ ಒತ್ತುತ್ತಾರೆ," ಎಂದು ದರ್ಜಿ ಗೊಣಗಿದರು. ಇನ್ಸ್‌ಪೆಕ್ಟರ್ ಎಲ್ಲವನ್ನೂ ಹೇಳಿದರು. ಕೇಳಿ ಆಕೆ ದಾರ ಕತ್ತರಿಸಿದರು.

"ಅವನ ಕೈಗೆ ಔಷಧಿ ಇಲ್ವಂತಾ?"

"ಇಲ್ಲವಂತೆ."

"ಅವನಿಗೆ ಶಿಕ್ಷೆ ಆದ್ರೆ ನನ್ನ ಕಾಲು ಮಡಚತ್ತಾ?"

ಇನ್ಸ್‌ಪೆಕ್ಟರ್ ಟೋಪಿ ಕೈಯಲ್ಲಿ ಹಿಡಿದು ನಿಂತರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಅವರಿಗೆ ತಮ್ಮ ಇಡೀ ಇಲಾಖೆಯ ಬಗ್ಗೆಯೇ ಮಾಡಿದ್ದೆನಿಸಿತು. ಗಂಡ ಮತ್ತೆ ಪೆಡಲ್ ಒತ್ತಿದರು, ಸೂಜಿ ಬಟ್ಟೆಯ ಅಂಚು ಬಿಟ್ಟು ಹೊರಗೆ ಓಡಿತು.

ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ ಬೆರಳಚ್ಚು ತೆಗೆದರು. ಮೇಸ್ತ್ರಿ ಒಂದೊಂದೇ ಬೆರಳಿಗೆ ಮಸಿ ಹಚ್ಚಿ ಕಾಗದದ ಮೇಲಿಟ್ಟ. ಕೊನೆಯ ಬೆರಳು ಮುಗಿದ ಮೇಲೂ ಸಿಮೆಂಟಣ್ಣ ಒತ್ತಿಕೊಂಡೇ ಇದ್ದ. ಬೆರಳು ಕಾಗದಕ್ಕೆ ತಾಗಿದೆಯೋ ಇಲ್ಲವೋ ಅವನಿಗೆ ತಿಳಿದಿರಲಿಲ್ಲ. ಕೋಣೆಯಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಾ ನಿಂತಿದ್ದರು.

"ಆಯ್ತಾ ಸರ್?" ಎಂದು ಕೇಳಿದ.

ಮೇಸ್ತ್ರಿ ಅವನ ಮಣಿಕಟ್ಟು ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದ.

"ಆಯ್ತು," ಎಂದ.